ಹಕ್ಕಿಯ ಊಟ ಮೂಸಿ ಕೊಡುವ ಶಂಕರಮ್ಮ

ಬೆಳಗಿನ ಆರೂವರೆ. ಭದ್ರಾವತಿ ಓಲ್ಡ್ ಟೌನಿನ ಪಶು ಆಹಾರದ ಅಂಗಡಿಯಲ್ಲಿ ಶಂಕರಮ್ಮ ಜರಡಿ ಹಿಡಿದು ಕೂತಿದ್ದಾರೆ. ಚೀಲದಿಂದ ಬೊಗಸೆ ತುಂಬ ಗುಳಿಗೆ ಸುರಿದು ಆಡಿಸುತ್ತಾರೆ, ಪುಡಿ ಕೆಳಗಿಳಿಯುತ್ತದೆ. ಮೇಲೆ ಉಳಿದ ಒಂದನ್ನು ಉಗುರಿನಲ್ಲಿ ಮುರಿದು ಮೂಗಿನ ಹತ್ತಿರ ಹಿಡಿಯುತ್ತಾರೆ. ಮುಗ್ಗಲು ವಾಸನೆ ಇಲ್ಲವೆಂದಾದ ಮೇಲೆಯೇ ಪೊಟ್ಟಣ ಕಟ್ಟುವುದು.

ಇದು ಪಂಜರದ ಲವ್ ಬರ್ಡ್ಸ್ ತಿನ್ನುವ ಪೆಲೆಟ್. ಧಾನ್ಯ, ಬೇಳೆ, ತರಕಾರಿ ಅರೆದು ಸಣ್ಣ ಗುಳಿಗೆಯಾಗಿ ಒತ್ತಿರುತ್ತಾರೆ. ಎರಡು ಸಾವಿರದ ಇಸವಿಯವರೆಗೆ ಇಲ್ಲಿ ಎಲ್ಲರೂ ನವಣೆ ಹಾಕುತ್ತಿದ್ದರು. ಈಗ ಬೆಂಗಳೂರಿನಿಂದ ತಿಂಗಳಿಗೆ ಎರಡು ಚೀಲ ಬರುತ್ತದೆ. ದಿನಕ್ಕೆ ಹದಿನೈದು ಪೊಟ್ಟಣ ಹೋಗುತ್ತದೆ.

"ಎಲ್ರೂ ಕೆಂಪು, ಹಸಿರು ಬಣ್ಣದ್ದೇ ಕೇಳ್ತಾರೆ. ಬಣ್ಣ ನೋಡೋದು ನಾವು, ತಿನ್ನೋದು ಹಕ್ಕಿ. ನಾನು ಬಣ್ಣ ಹಾಕದೇ ಇರೋದನ್ನೇ ಕೊಡ್ತೀನಿ. ಕೊಕ್ಕಿಗೆ ಸಿಗೋವಷ್ಟು ಸಣ್ಣದಿರ್ಬೇಕು. ನವಣೆ ಒಂದೇ ಸಲ ನಿಲ್ಲಿಸ್ಬಾರ್ದು, ಅದ್ರಲ್ಲೇ ಇದನ್ನ ಚೂರುಚೂರು ಸೇರಿಸ್ತಾ ಹೋಗ್ಬೇಕು" ಎನ್ನುತ್ತಾರೆ.

ಅಂಗಡಿ ಮಾಲೀಕ ಷಡಕ್ಷರಪ್ಪ ನಗುತ್ತಾರೆ. "ಸೊಸೆ ತರೋವಾಗ್ಲೂ ಈಕೆ ಇಷ್ಟು ಪರೀಕ್ಷೆ ಮಾಡ್ಲಿಲ್ಲ ಮಾರಾಯ್ರೆ!"

"ಸೊಸೆಗೆ ಬಾಯಿದೆ ಸಾಹುಕಾರ್ರೆ. ಹಿಡಿಸ್ದಿದ್ರೆ ಹೇಳ್ತಾಳೆ."

ಐವತ್ತೆರಡರ ಶಂಕರಮ್ಮ ಮಲವಗೊಪ್ಪದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಇಲ್ಲಿ ಹನ್ನೊಂದು ವರ್ಷವಾಯಿತು. ಹಿಂಡಿ, ಬೂಸಾದ ಧೂಳಿಗೆ ಕೆಮ್ಮು ಹತ್ತಿದೆ. ಸೆರಗನ್ನು ಮೂಗಿಗೆ ಕಟ್ಟಿಕೊಳ್ಳಿ ಎಂದರೆ ತಲೆಯಾಡಿಸುತ್ತಾರೆ. ಕಟ್ಟಿಕೊಂಡರೆ ವಾಸನೆ ತಿಳಿಯುವುದಿಲ್ಲವಲ್ಲ.

ಈ ಮೂಸುವ ಅಭ್ಯಾಸಕ್ಕೆ ಒಂದು ಕಾರಣವಿದೆ. ಕಳೆದ ಮಳೆಗಾಲದಲ್ಲಿ ಒಂದು ಚೀಲದ ತಳದಲ್ಲಿ ಒಂದಿಷ್ಟು ಹಳೆಯ ಪೆಲೆಟ್ ಉಳಿದಿತ್ತು. ಶಂಕರಮ್ಮ ಅದನ್ನು ಡಬ್ಬಿಗೆ ತುಂಬಿ ಜೋಪಾನವಾಗಿ ಎತ್ತಿಟ್ಟಿದ್ದರು, ತಮಗೆ ಬೇಕಾದವರಿಗೆ ಕೊಡಲೆಂದು. "ಅಕ್ಕಿ ಹಳೇದಾದಷ್ಟೂ ಅನ್ನ ಚೆನ್ನಾಗಾಗುತ್ತಲ್ಲ, ಇದೂ ಹಂಗೇ ಅಂದ್ಕೊಂಡೆ."

ಬೇಕಾದವರು ಅಂದರೆ ಲೇತ್ ಕೆಲಸದ ಜ್ಞಾನೇಶ್. ಅಂಗಡಿಗೆ ಬಂದಾಗಲೆಲ್ಲ ಎರಡು ಮಾತಾಡಿ ಹೋಗುತ್ತಿದ್ದ ಹುಡುಗ. ಡಬ್ಬಿಯದನ್ನು ಅವನಿಗೇ ಕೊಟ್ಟರು. ಒಳಗೆ ಬೂಷ್ಟು ಹಿಡಿದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ವಾರದೊಳಗೆ ಅವನ ಹಕ್ಕಿ ಸತ್ತಿತು. ಉಳಿದ ಪೊಟ್ಟಣವನ್ನು ತಂದು ಮುಂದಿಟ್ಟು, ಒಂದು ಮಾತೂ ಆಡದೆ ಹೋದ.

"ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಶಂಕರಮ್ಮ. ಆಮೇಲೆ ಅವನು ಈ ಕಡೆ ಬಂದಿರಲಿಲ್ಲ.

ಇವತ್ತು ಏಳು ಗಂಟೆಗೆ ಅಂಗಡಿ ಮುಂದೆ ಸ್ಕೂಟರ್ ನಿಲ್ಲುತ್ತದೆ. ಜ್ಞಾನೇಶ್. "ಹೊಸ ಹಕ್ಕಿ ತಂದಿದೀನಿ. ಕಾಲು ಕೆಜಿ ಕೊಡಿ" ಎಂದು ಷಡಕ್ಷರಪ್ಪನವರಿಗೆ ಹೇಳುತ್ತಾನೆ. ಶಂಕರಮ್ಮನ ಕಡೆ ನೋಡುವುದಿಲ್ಲ.

ಶಂಕರಮ್ಮ ಆಗಲೇ ಎದ್ದಿದ್ದಾರೆ. ನಿನ್ನೆ ಬಿಚ್ಚಿದ ಚೀಲದಿಂದ ತೆಗೆದು ಜರಡಿ ಹಿಡಿಯುತ್ತಾರೆ. ಒಂದನ್ನು ಮುರಿದು ಮೂಸುತ್ತಾರೆ, ಇನ್ನೊಂದನ್ನು ಮುರಿಯುತ್ತಾರೆ, ಮತ್ತೊಂದನ್ನು. ನಾಲ್ಕನೆಯದನ್ನು ಬಾಯಿಗೇ ಹಾಕಿಕೊಂಡು ಅಗಿಯುತ್ತಾರೆ. ಜ್ಞಾನೇಶ್ ಅದನ್ನು ನೋಡುತ್ತಾ ನಿಂತಿದ್ದಾನೆ. ಪೊಟ್ಟಣವನ್ನು ಅವರ ಕೈಯಿಂದಲೇ ತೆಗೆದುಕೊಳ್ಳುತ್ತಾನೆ.

ಸ್ಕೂಟರ್ ತಿರುವು ದಾಟುವ ಹೊತ್ತಿಗೆ ಶಂಕರಮ್ಮ ಮೆಟ್ಟಿಲಿಗೆ ಬರುತ್ತಾರೆ. ರಸ್ತೆ ಖಾಲಿ.

"ತಿಂತೋ ಇಲ್ವೋ, ಒಂದ್ಸಲ ಬಂದು ಹೇಳಿ ಹೋಗಪ್ಪ."