ಮರುವಾಯಿಗೆ ಕಿವಿಕೊಟ್ಟ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಹಿನ್ನೀರಿನ ಖಾಡಿಯ ಕೆಸರು ಕಪ್ಪು ಗೆರೆಯಾಗಿ ಕೂತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳನ್ನು ನನ್ನ ಮೂಗಿನ ಮುಂದೆ ಆಡಿಸಿ ಅವರು ಬೈಯುತ್ತಿದ್ದ ಕುಂದಾಪುರದ ಬೈಗುಳವನ್ನು ನಾನು ಹಾಗೆಯೇ ಅವರಿಗೆ ತಿರುಗಿ ಒಪ್ಪಿಸುತ್ತಿದ್ದೆ. ಹೋಟೆಲಿನವರೆಲ್ಲ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದರು. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಭಾನುವಾರ ಮಧ್ಯಾಹ್ನ ಅಕ್ಕನ ಧ್ವನಿಯಲ್ಲಿ ಕೂಗಿದ ಕತ್ತೆ ನಾನೇ.

ಮುಂಬಯಿಯ ಜೋಗೇಶ್ವರಿಯಲ್ಲಿ ನನ್ನ ಸೋದರಮಾವನದು ಮೀನೂಟದ ಹೋಟೆಲು. ನಾನು ಅಲ್ಲಿನ ಗಲ್ಲಾದಲ್ಲಿ ಕೂತು, ಬಂದವರನ್ನು ಮಾತಾಡಿಸಿ, ಅವರು ಹೋದ ಮೇಲೆ ಅವರಂತೆಯೇ ಮಾತಾಡಿ ತೋರಿಸುತ್ತಿದ್ದವನು. ಮಾವನ ಕೆಮ್ಮು, ಸ್ಟೇಷನ್ನಿನ ಅನೌನ್ಸ್‌ಮೆಂಟು, ಹುಡುಗಿಯರ ಎದುರು ತೊದಲುವ ನನ್ನ ಸ್ವಂತ ಧ್ವನಿ, ಎಲ್ಲವೂ ನನ್ನ ಕಂಠದಲ್ಲಿದ್ದವು. ಎಲ್ಲರೂ ಅಕ್ಕ ಅನ್ನುತ್ತಿದ್ದ ಆ ಕುಂದಾಪುರದ ಮುದುಕಿಗೆ ಅಲ್ಲಿ ಒಂದೇ ಕೆಲಸ: ಮರುವಾಯಿ. ಮುಂಬಯಿಯವರು ತಿಸರ್‍ಯಾ ಅನ್ನುವ ಆ ಜೋಡಿಚಿಪ್ಪಿನ ಜೀವಿ ಅವರ ಕೈದಾಟಿ, ಅವರು ‘ಆಯ್ತ್’ ಅಂದ ಮೇಲೇ ಒಲೆಗೆ ಹೋಗಬೇಕು. ಇದು ಮಾವನೂ ಮೀರದ ಕಟ್ಟಳೆ.

ಬೆಳಿಗ್ಗೆ ಬಂದ ಮರುವಾಯಿಯನ್ನು ಅಕ್ಕ ಉಪ್ಪುನೀರಿಗೆ ಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚುತ್ತಿದ್ದರು. ಕತ್ತಲಾದರೆ ಅವು ಕೆಸರಿನಲ್ಲೇ ಇದ್ದೇವೆಂದು ನಂಬಿ ಬಾಯಿ ತೆರೆಯುತ್ತವೆ. ಒಮ್ಮೆ ಗೋಣಿಯ ಅಂಚೆತ್ತಿ ನನಗೂ ತೋರಿಸಿದ್ದರು. ಚಿಪ್ಪಿನ ಸಂದಿಯಿಂದ ಎರಡು ಪುಟ್ಟ ನಳಿಗೆಗಳು ಹೊರಬಂದು, ಒಂದು ನೀರೆಳೆದುಕೊಂಡು ಇನ್ನೊಂದು ಮರಳು ಬೆರೆತ ನೀರನ್ನು ಉಗಿಯುತ್ತಿತ್ತು. ನನ್ನ ನೆರಳು ಬಿದ್ದದ್ದೇ ತಡ, ಟಪ್ಪನೆ ಎಲ್ಲವೂ ಮುಚ್ಚಿಕೊಂಡವು.

“ಕೆಸ್ರಂಗ್ ಹುಗಿದ್ಕಂಡ್ ದಿನ ಇಡೀ ಇದೇ ಕೆಲ್ಸ ಇದಕ್ಕೆ, ನೀರ್ ಕುಡೂದ್, ಬಿಡೂದ್,” ಎಂದಿದ್ದರು ಅಕ್ಕ. “ಅಲ್ಲಿ ಗಟಾರ ಬಂದ್ ಸೇರಿದ್ರೆ ಅದ್ನೂ ಕುಡಿತ್ತ್. ಇದ್ ಎಂತ ಕುಡಿತ್ತೋ ಅದ್ನೇ ನೀ ತಿಂಬ್ದ್, ಗೊತ್ತಾಯ್ತಾ ಮಗಾ?”

ಆಮೇಲೆ ಶುರುವಾಗುತ್ತಿತ್ತು ಅವರ ನಿಜವಾದ ಕೆಲಸ. ಮಣೆಯ ಮೇಲೆ ಕೂತು, ಎರಡೆರಡನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಒಂದಕ್ಕೊಂದು ತಟ್ಟುವುದು. ಜೀವ ಇರುವುದು ಕಲ್ಲಿನಂತೆ ಟಣ್ಣೆನ್ನುತ್ತದೆ. ಬಾಯಿ ತೆರೆದಿದ್ದದ್ದು ತಟ್ಟಿದ ಕೂಡಲೇ ಮುಚ್ಚಿದರೆ ಸರಿ, ಮುಚ್ಚದಿದ್ದರೆ ಸತ್ತಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಮೋಸ ಮಾಡುವುದು ಮೂರನೆಯ ಜಾತಿ. ಒಳಗಿನ ಜೀವ ಸತ್ತು ಕೊಳೆತು ಹೋಗಿ, ಆ ಜಾಗದಲ್ಲಿ ಕೆಸರು ತುಂಬಿ, ಗಟ್ಟಿಯಾಗಿ ಮುಚ್ಚಿಕೊಂಡೇ ಇರುವಂಥದ್ದು. ನೋಡಲು ಥೇಟ್ ಜೀವಂತ. ತಟ್ಟಿದರೆ ಮಾತ್ರ ‘ದಬ್’ ಎಂಬ ಮಂಕು ಸದ್ದು. ಆ ಸದ್ದು ಅಕ್ಕನ ಕಿವಿಗೆ ಮಾತ್ರ ಕೇಳುತ್ತಿತ್ತು.

ಆ ಭಾನುವಾರ ಹೊಸಬನೊಬ್ಬ ತಂದ ಮರುವಾಯಿಯ ಚಿಪ್ಪೆಲ್ಲ ಮಸಿ ಬಳಿದಂತಿತ್ತು. ಅಕ್ಕ ಮೂಸಿ ನೋಡಿ ಮುಖ ಸಿಂಡರಿಸಿ, ಅದನ್ನು ಬೇರೆಯೇ ನೀಲಿ ಟಬ್ಬಿನಲ್ಲಿಟ್ಟರು. ಹನ್ನೆರಡೂವರೆಗೆ ಗೋರೆಗಾಂವಿನಿಂದ ಒಂದು ಸಂಸಾರ ಬಂತು. ಏಳು ತಿಂಗಳ ಬಸುರಿ ಸೊಸೆ, ಜೊತೆಗೆ ಅತ್ತೆ. ಸೊಸೆಗೆ ಕಾಯಿ ಮಸಾಲೆ ಹಾಕಿ ಹುರಿದ ಮರುವಾಯಿ ಸುಕ್ಕದ ಬಯಕೆ. ಅರ್ಧ ಗಂಟೆಯಾದರೂ ಒಳಗಿಂದ ಏನೂ ಬರದಿದ್ದಾಗ ನಾನು ಅಡಿಗೆಮನೆಯ ಕಿಂಡಿಗೆ ಹೋದೆ. ಅಕ್ಕ ಇರಲಿಲ್ಲ, ಉಳಿದ ಟಬ್ಬುಗಳನ್ನೆತ್ತಿಕೊಂಡು ನೀರು ಬದಲಾಯಿಸಲು ಹಿಂದಿನ ನಲ್ಲಿಗೆ ಹೋಗಿದ್ದರು. ವೇಟರುಗಳನ್ನು ನಗಿಸೋಣವೆಂದು ಅವರ ಧ್ವನಿಯಲ್ಲಿ, “ಹ್ವಾಯ್, ಆಯ್ತ್! ಹಾಕಿ ಕಾಂಬ!” ಎಂದು ಕೂಗಿ ವಾಪಸ್ಸು ಬಂದು ಕೂತೆ.

ದಿನವೂ ಹಾಗೆ ಕೂಗುತ್ತಿದ್ದೆ. ಒಲೆಯ ಮುಂದಿನ ವಿಜಯಪುರದ ಅಡಿಗೆಯವ ದಿನವೂ ತಿರುಗಿ ನೋಡಿ, “ಸುಮ್ಕಿರೋ ಮಂಗ್ಯಾ” ಅನ್ನುತ್ತಿದ್ದ. ಅವತ್ತು ಮೂರು ಒಲೆ ಉರಿಯುತ್ತಿದ್ದವು, ಅವನು ತಿರುಗಲಿಲ್ಲ.

ಹತ್ತು ನಿಮಿಷದ ಮೇಲೆ ಒಳಗಿಂದ ಅಕ್ಕನ ಮಾತು ಕೇಳಿತು. “ನೀಲಿ ಟಬ್ಬಂಗ್ ಇದ್ದದ್ದ್ ಎಲ್ಲಿ?”

“ನೀವ ಹಾಕಂದ್ರಲ್ರೀ ಅಕ್ಕಾರ. ಹಾಕೇನಿ. ಒಂದ್ ಪ್ಲೇಟ್ ಟೇಬಲ್‌ಗೂ ಹೋತು.”

ಆ ಪ್ಲೇಟು ಹೋದದ್ದು ಬಸುರಿಯ ಮೇಜಿಗೆ. ಎದ್ದು ಓಡಬೇಕಾಗಿತ್ತು. ಏಳಲಿಲ್ಲ. ಅಷ್ಟು ವರ್ಷದಲ್ಲಿ ಒಮ್ಮೆಯೂ ಗಿರಾಕಿಗಳ ಕಡೆಗೆ ಬಾರದ ಅಕ್ಕ, ಮೊಣಕೈವರೆಗೆ ನೀರು ಸುರಿಸುತ್ತ ನನ್ನ ಮುಂದೆಯೇ ಹಾದುಹೋಗಿ, ಆ ಬಸುರಿಯ ಕೈಕೆಳಗಿನ ಪ್ಲೇಟನ್ನು ಎಳೆದುಕೊಂಡರು.

“ಏನ್ರೀ ಇದು! ಬಸುರಿಯ ಬಾಯಿಯಿಂದ ಕಿತ್ಕೊಳ್ತೀರಾ? ನಾಚಿಕೆ ಆಗೋದಿಲ್ವಾ?” ಅತ್ತೆ ಎದ್ದು ನಿಂತರು. ನನ್ನ ಮಾವ ಓಡಿಬಂದು, “ಸಾರಿ ಮೇಡಂ, ಸಾರಿ, ಉಪ್ಪು ಜಾಸ್ತಿ ಆಗಿದೆ, ಅದಕ್ಕೇ...” ಎಂದು ಶುರುಮಾಡಿದ.

“ಉಪ್ಪಲ್ಲ,” ಅಂದರು ಅಕ್ಕ. ಪ್ಲೇಟಿನಲ್ಲಿದ್ದವೆಲ್ಲ ಬೇಯುವಾಗ ಬಾಯಿ ಬಿಟ್ಟಿದ್ದವು, ನಾಲ್ಕೈದು ಮಾತ್ರ ಬಿಟ್ಟಿರಲಿಲ್ಲ. ಅದರಲ್ಲೊಂದನ್ನು ಎತ್ತಿ, ಸೀಳಿದ ಉಗುರನ್ನು ಸಂದಿಗೆ ತೂರಿಸಿ ತಿರುಚಿದರು. ಒಳಗೆ ಮಾಂಸವಿರಲಿಲ್ಲ. ಗ್ರೀಸಿನಂಥ ಕಪ್ಪು ಕೆಸರು ಬಿಳಿ ಮೇಜಿನ ಮೇಲೆ ಬಿತ್ತು. ಅದರ ನಾತಕ್ಕೆ ಪಕ್ಕದ ಮೇಜಿನವರೂ ಊಟ ನಿಲ್ಲಿಸಿದರು.

ಅತ್ತೆ ಸೊಸೆಯ ಕೈ ಹಿಡಿದು, “ತಿಂದ್ಯಾ?” ಅಂದರು.

“ಇಲ್ಲ ಅತ್ತೆ. ದೋಸೆಗೆ ಮಸಾಲೆ ಹಚ್ಚಿಕೊಂಡೆ ಅಷ್ಟೆ. ಒಂದು ತುಂಡು.”

ಆ ಒಂದು ತುಂಡಿನಿಂದ ಅವಳಿಗೆ ಏನೂ ಆಗಲಿಲ್ಲವೆಂದು ತಿಳಿಯಲು ನಮಗೆ ಎರಡು ದಿನ ಬೇಕಾಯಿತು. ಆ ಎರಡು ದಿನ ನಾನು ನನ್ನ ಧ್ವನಿಯಲ್ಲೂ ಸರಿಯಾಗಿ ಮಾತಾಡಲಿಲ್ಲ.

ಅವರು ಹೋದ ಮೇಲೆ ಮಾವ ಅಡಿಗೆಮನೆಗೆ ನುಗ್ಗಿದ. “ಪೂರ್ತಿ ನೋಡದೆ ಹಾಕು ಅಂದದ್ಯಾಕೆ ಅಕ್ಕ? ಒಂದು ಜೀವ ಅಲ್ಲ, ಎರಡು ಜೀವ! ಬಸ್, ವಯಸ್ಸಾಯ್ತು ನಿಮಗೆ. ನಾಳೆಯಿಂದ ಬರೋದು ಬೇಡ.”

“ನಾ ಹೇಳ್ಲಿಲ್ಲ ಮಾರಾಯ.”

“ದೇವ್ರಾಣಿ ಮಾಲಕ್ರ, ನಾ ಈ ಕಿವೀಲೆ ಕೇಳೇನಿ,” ಅಂದ ಅಡಿಗೆಯವ. ಅವನ ಕಣ್ಣಲ್ಲಿ ನೀರಿತ್ತು.

ಅಕ್ಕ ಅವನನ್ನೇ ನೋಡಿದರು. ಸುಳ್ಳು ಹೇಳುವವನಲ್ಲ ಅವನು, ಅವರಿಗೂ ಗೊತ್ತು. ಮೆಲ್ಲಗೆ ಕೇಳಿದರು: “ಖರೆ? ನಾ ಹೇಳ್ದ್ನಾ?” ನೆಲ ನೋಡಿ ಮತ್ತೆ ತಮ್ಮಷ್ಟಕ್ಕೇ ಅಂದರು: “ಹೇಳಿರೂಕೂ ಸಾಕ್.”

ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಅಕ್ಕ ತಮ್ಮನ್ನೇ ಅನುಮಾನಿಸತೊಡಗಿದ್ದು ನೋಡಲಾಗಲಿಲ್ಲ. “ಕೂಗಿದ್ದು ನಾನು,” ಅಂದೆ.

“ನೀನು ನಡುವೆ ಬರ್ಬೇಡ. ಅಕ್ಕನ್ನ ಉಳಿಸೋ ನಾಟಕ ಬೇಡ ಇಲ್ಲಿ,” ಅಂದ ಮಾವ. ಹುಟ್ಟಿದಾಗಿನಿಂದ ನಾಟಕ ಮಾಡಿದವನು ನಿಜ ಹೇಳಿದರೆ ಆಗುವ ಗತಿ ಇದು.

ಬೇರೆ ದಾರಿ ಇರಲಿಲ್ಲ. ಅಡಿಗೆಯವ ಒಲೆಯ ಕಡೆಗೆ ತಿರುಗುವುದನ್ನೇ ಕಾದು, ಅಕ್ಕನ ಧ್ವನಿಯಲ್ಲಿ ಕೂಗಿದೆ: “ಹ್ವಾಯ್, ಆಯ್ತ್! ಹಾಕಿ ಕಾಂಬ!”

ಅಡಿಗೆಯವನ ಕೈ ತಾನಾಗಿಯೇ ಪಕ್ಕದ ಟಬ್ಬಿಗೆ ಹೋಯಿತು. ಅಲ್ಲೇ ನಿಂತಿತು. ತಿರುಗಿ ನನ್ನನ್ನು ನೋಡಿದ. ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಮಾಡಿದ್ದು ಅದೊಂದೇ ಸಲ.

ಅಕ್ಕ ಈ ವರ್ಷ ಮಳೆಗೆ ಮುಂಚೆ ತಮ್ಮ ಚಾಳಿನ ಕೋಣೆಯಲ್ಲೇ ತೀರಿಕೊಂಡರು. ಈಗ ಆ ಹೋಟೆಲಿನಲ್ಲಿ ಮರುವಾಯಿ ತಟ್ಟುವವನು ನಾನು. ‘ದಬ್’ ಸದ್ದು ನನಗೆ ಕೇಳಲು ಎಂಟು ತಿಂಗಳು ಹಿಡಿಯಿತು. ಅದನ್ನು ಮಾತ್ರ ಇವತ್ತಿಗೂ ಅನುಕರಿಸಲು ಬಂದಿಲ್ಲ. ಈ ವಿದ್ಯೆ ನನಗೆ ದಕ್ಕಿದ್ದು ಆ ಮಧ್ಯಾಹ್ನದ ಒಂದು ಮಾತಿನಿಂದ. ಮಾವ ನನ್ನ ಕಾಲರ್ ಹಿಡಿದು, “ಇವ್ನು ಇನ್ನು ಈ ಅಡಿಗೆಮನೆ ಹೊಸ್ತಿಲು ತುಳಿಯಕೂಡದು!” ಎಂದು ಬಾಗಿಲಿಗೆ ದಬ್ಬುತ್ತಿದ್ದಾಗ ಅಕ್ಕ ಅಂದರು:

“ಬಿಡ್ ಅವ್ನ್. ಕೂಗುಕ್ ಕಲ್ತಿದ್ದ, ಕೂಗುಕ್ ಮುಂಚೆ ಎರಡ್ ಗಂಟಿ ಕೂಕಂಬ್ದ್ ಕಲೀಲಿಲ್ಲ. ಮಣೆ ಹಾಕ್, ಕೂಕಣ್ಲಿ.”