ಅಪ್ಪ ಕುಡಿಯುತ್ತಿರಲಿಲ್ಲ

ನಮ್ಮಪ್ಪ ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸದುರ್ಗದ ಕಡೆಯ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಅವನು ಕುಡಿದು ಸತ್ತ ಅಂತಲೇ ಹೇಳುತ್ತಾರೆ. ಕುಡುಕರೂ ಹೇಳುತ್ತಾರೆ, ಅದೂ ಕನಿಕರದಿಂದ. ನನಗೆ ಮೈಯೆಲ್ಲ ಉರಿಯುತ್ತದೆ.

ಎಪ್ಪತ್ತರ ದಶಕದ ಮಾತು. ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ಹೆಂಗಸರು ಉಣ್ಣೆ ನೂಲುವುದು, ಅಪ್ಪ ನೇಯುವುದು, ದೊಡ್ಡಪ್ಪ ಹೊಳಲ್ಕೆರೆ, ಹಿರಿಯೂರು ಸಂತೆಗಳಿಗೆ ಹೊತ್ತುಕೊಂಡು ಹೋಗಿ ಮಾರುವುದು. ದೊಡ್ಡಪ್ಪ ಮನೆಯ ಯಜಮಾನ, ಅವನು ಹೂಂ ಅನ್ನದೆ ನಮ್ಮಲ್ಲಿ ಒಂದು ಕಡ್ಡಿಯೂ ಅಲುಗುತ್ತಿರಲಿಲ್ಲ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನ ಮೇಲೆ ಕೂತು ನೇಯಬೇಕು. ಅಪ್ಪ ಬೆಳಿಗ್ಗೆ ಇಳಿದು ಕೂತರೆ ಊಟದ ಹೊತ್ತಿಗೆ ಎರಡೂ ಕೈ ನೆಲಕ್ಕೆ ಊರಿ ಒಂದೇ ನೆಗೆತಕ್ಕೆ ಮೇಲೆ ಬರುತ್ತಿದ್ದ.

ಒಂದು ದಿನ ನೆಗೆಯಲಿಲ್ಲ. ಪಡಸಾಲೆಯಲ್ಲಿ ನೂಲುತ್ತಿದ್ದ ನನ್ನನ್ನು ಕರೆದು ಕೈ ಕೊಡು ಅಂದ. ನನಗಾಗ ಹದಿನಾರು. ಏನಪ್ಪಾ, ಮುದುಕ ಆಗಿಬಿಟ್ಯಾ ಅಂತ ನಕ್ಕೆ, ಅವನೂ ನಕ್ಕ. ಆಮೇಲೆ ದಿನಾ ಹಾಗೇ ಆಯಿತು. ಅವ್ವನೂ ನಾನೂ ಸೇರಿ ಕಂಕುಳಿಗೆ ಕೈ ಹಾಕಿ ಎಳೆಯಬೇಕು. ತಲೆಗೆ ರುಮಾಲು ಸುತ್ತೋಣವೆಂದರೆ ಕೈ ಮೇಲೆ ಏಳದು. ನಡೆದರೆ ಸೊಂಟ ಅತ್ತಿತ್ತ ವಾಲುವುದು. ಕಣ್ಣಿನ ರೆಪ್ಪೆ ಊದಿ ನೇರಳೆ ಬಣ್ಣಕ್ಕೆ ತಿರುಗಿತು. ಮಾತು ಮೂಗಿಗೆ ಇಳಿಯಿತು, ನೀರು ಕುಡಿದರೆ ಅದೂ ಮೂಗಿನಲ್ಲಿ ಬರುತ್ತಿತ್ತು. ಹೊಸದುರ್ಗದ ಡಾಕ್ಟರು ನಿಶ್ಶಕ್ತಿ ಎಂದು ಒಂದು ಸೂಜಿ ಚುಚ್ಚಿ ಕಳಿಸಿದರು.

ವಾಲಾಡುವ ನಡಿಗೆ, ಊದಿದ ಕಣ್ಣು, ತೊದಲು ಮಾತು. ಊರಿಗೆ ಇನ್ನೇನು ಬೇಕು? ಸಾರಾಯಿ ಅಂಗಡಿ ನಮ್ಮ ಬೀದಿಯ ಮೂಲೆಯಲ್ಲೇ ಇತ್ತು. ಅಲ್ಲಿ ಅವನನ್ನು ಕಣ್ಣಾರೆ ಕಂಡೆ ಎನ್ನುವವರೂ ಹುಟ್ಟಿಕೊಂಡರು, ಅವರ ನಾಲಿಗೆ ಸೇದಿಹೋಗ! ಒಂದು ಮಧ್ಯಾಹ್ನ ಅಪ್ಪ ಬಯಲಲ್ಲಿ ಮಗ್ಗದ ಎಳೆಗಳು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಬಳಿಯುವಾಗ ಬಿದ್ದ. ಏಳಲಾಗದೆ ಬಿಸಿಲಲ್ಲೇ ಮಲಗಿದ್ದ. ಸಂತೆಯಿಂದ ಬಂದ ದೊಡ್ಡಪ್ಪ ಅವನನ್ನು ದಾಟಿಕೊಂಡು ಒಳಗೆ ಬಂದು, ಹೋಗಿ ಎತ್ಕಂಬಾ ನಿನ್ ಗಂಡನ್ನ, ಅಂತ ಅವ್ವನಿಗೆ ಹೇಳಿ ಕಾಲು ತೊಳೆಯಲು ಹೋದ.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಅವ್ವ ದೊಡ್ಡಪ್ಪನ ಕಾಲು ಹಿಡಿದಳು. ರೋಗವಾದರೆ ಹೊತ್ತುಕೊಂಡಾದರೂ ಹೋಗುತ್ತೇನೆ, ಕುಡಿತವಾದರೆ ಹೊಸಿಲು ದಾಟುವುದಿಲ್ಲ ಎಂದ. ಯಾವುದು ಅಂತ ದೇವರು ಹೇಳಲಿ ಎಂದ.

ನಮ್ಮ ಮನೆದೇವರ ಗುಡಿಯಲ್ಲಿ ಪ್ರಮಾಣಕ್ಕೆ ಒಂದು ಕಟ್ಟಳೆ ಇತ್ತು. ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಬಂದು, ಆಡಬೇಕಾದ ಮಾತನ್ನು ಆಡಿ, ಉದ್ದಕ್ಕೆ ಅಡ್ಡಬೀಳಬೇಕು. ಆಮೇಲೆ ಯಾರೂ ಮುಟ್ಟದೆ, ಯಾವುದನ್ನೂ ಹಿಡಿಯದೆ ತಾನೇ ಎದ್ದು, ಮೇಲೆ ತೂಗುವ ಗಂಟೆ ಬಾರಿಸಬೇಕು. ಗಂಟೆ ಬಾರಿಸಿದರೆ ಆ ಮಾತನ್ನು ಊರಲ್ಲಿ ಮತ್ತೆ ಯಾರೂ ಎತ್ತುವ ಹಾಗಿಲ್ಲ. ಗಟ್ಟಿ ಆಳುಗಳಿಗೆ ಇದೇನು ಮಹಾ? ಕಳ್ಳರು ಕೂಡ ಎದ್ದು ಢಣಢಣ ಬಾರಿಸಿ ಮನೆಗೆ ಹೋದದ್ದುಂಟು. ಏಳಲಾರದವನಿಗೆ ಬೇರೆ ಏನಾದರೂ ಹೇಳಿ ಅಂತ ಅವ್ವ ಪೂಜಾರಿಯನ್ನು ಬೇಡಿದಳು. ಕಟ್ಟಳೆ ಅಂದರೆ ಕಟ್ಟಳೆ ಎಂದ ಅವನು.

ಅಪ್ಪನೇ ಒಪ್ಪಿಕೊಂಡುಬಿಟ್ಟ. "ದೇವ್ರಿಗೆ ಗೊತ್ತಿಲ್ವೇನೆ ನಾನು ಕುಡಿದಿಲ್ಲ ಅಂತ," ಎಂದ ಅವ್ವನಿಗೆ. "ಅವನೇ ಎಬ್ಬಿಸ್ತಾನೆ ಬಿಡು."

ನಾನು ಕಂಬದ ಪಕ್ಕ ನಿಂತು ನೋಡಿದೆ. ಊರೆಲ್ಲ ಸೇರಿತ್ತು. ಅಪ್ಪ ಮೂಗಿನಲ್ಲೇ ಮಾತಾಡಿ, ನಾನು ಸಾರಾಯಿ ಮುಟ್ಟಿಲ್ಲ ಅಂದ. ಯಾರೋ ಕಿಸಕ್ಕೆಂದರು. ಬಗ್ಗಲು ಹೋದವನು ಮುಖ ಅಡಿಯಾಗಿ ಬಿದ್ದ. ಆಮೇಲೆ ಏಳಲು ನೋಡಿದ. ಮೊಣಕೈ ಊರಿದ, ಜಾರಿತು. ಮೊಣಕಾಲು ಎಳೆದುಕೊಂಡ, ಅದೂ ಜಾರಿತು. ಕತ್ತು ಎತ್ತಲೂ ಆಗದೆ ಕೆನ್ನೆ ಕಲ್ಲಿಗೆ ಒತ್ತಿತ್ತು, ಕಣ್ಣು ಮಾತ್ರ ದೇವರ ಕಡೆ ಇತ್ತು. ಒಬ್ಬರೂ ಹತ್ತಿರ ಹೋಗಲಿಲ್ಲ. ಮುಟ್ಟಿದರೆ ಪ್ರಮಾಣ ಕೆಡುತ್ತದಲ್ಲ! ಒದ್ದೆ ಪಂಚೆಯಲ್ಲಿ ನಡುಗುತ್ತಾ ಹುಳುವಿನ ಹಾಗೆ ತೆವಳಿದ. ಕೊನೆಗೆ ಅವ್ವ ಜನರನ್ನು ನೂಕಿಕೊಂಡು ಹೋಗಿ ಅವನನ್ನು ಮಡಿಲಿಗೆ ಎಳೆದುಕೊಂಡಳು. ದೇವರು ಒಪ್ಪಲಿಲ್ಲ ಎಂದು ಪೂಜಾರಿ ತೀರ್ಪು ಕೊಟ್ಟು ಎಲ್ಲರಿಗೂ ತೀರ್ಥ ಹಂಚಿದ. ನಮಗೆ ಮಾತ್ರ ಕೊಡಲಿಲ್ಲ.

ಊರು ನಂಬಿದ್ದು ಹೋಗಲಿ. ಮನೆಗೆ ಬಂದ ಮೇಲೆ ಅಪ್ಪನೇ ನಂಬತೊಡಗಿದ. ಗೋಡೆಗೆ ಒರಗಿ ಕೂತು ಗಂಟೆಗಟ್ಟಲೆ ಯೋಚಿಸುತ್ತಿದ್ದ. ಚಿಕ್ಕಂದಿನಲ್ಲಿ ಯಾರಾದರೂ ಈಚಲ ಹೆಂಡ ಕುಡಿಸಿದ್ದರೋ, ಯಾರ ಮದುವೆಯಲ್ಲೋ ಪಾನಕವೆಂದು ಏನು ಕೊಟ್ಟಿದ್ದರೋ ಎಂದು ನೆನಪು ಮಾಡಿಕೊಳ್ಳುತ್ತಿದ್ದ. ಒಂದು ಸಂಜೆ ಅವ್ವನನ್ನೇ ಕೇಳಿದ. "ಲೇ, ನಾನು ಯಾವಾಗಾದ್ರೂ ಕುಡಿದಿದ್ನೇನೆ? ನೀನಾದ್ರೂ ನೋಡಿದ್ರೆ ಹೇಳು."

ಅವ್ವ ಎದ್ದು ಹೊರಗೆ ಹೋಗಿ, ಮಣ್ಣು ಹಿಡಿದು ದೇವರಿಗೂ ದೊಡ್ಡಪ್ಪನಿಗೂ ಒಟ್ಟಿಗೆ ಶಾಪ ಹಾಕಿದಳು. ಮಾರನೆಯ ದಿನ ತನ್ನ ತಮ್ಮನಿಗೆ ಹೇಳಿ ಕಳಿಸಿದಳು. ಆ ಮಾವ ಹಿರಿಯೂರಿನಲ್ಲಿ ಲಾರಿ ಓಡಿಸುತ್ತಿದ್ದ. ಮೂಟೆಗಳ ಮೇಲೆ ಕಂಬಳಿ ಹಾಸಿ ಅಪ್ಪನನ್ನು ಮಲಗಿಸಿದ, ಅವ್ವನೂ ನಾನೂ ಅಕ್ಕಪಕ್ಕ ಕೂತು ಅವನನ್ನು ಹಿಡಿದುಕೊಂಡು ಬೆಂಗಳೂರು ಸೇರಿದೆವು.

ಅಲ್ಲಿಯ ಡಾಕ್ಟರು ವಯಸ್ಸಾದವರು. ರೆಪ್ಪೆಯ ನೇರಳೆ ಬಣ್ಣ ನೋಡಿದರು, ಬೆರಳ ಗಿಣ್ಣುಗಳ ಮೇಲಿನ ಕೆಂಪು ಗಂಟು ನೋಡಿದರು. ನೆಲದ ಮೇಲೆ ಕೂರಿಸಿ ಏಳು ಎಂದರು. ಅಪ್ಪ ಏಳಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, ನಾನು ಕುಡಿಯಲ್ಲ ಸ್ವಾಮಿ ಎಂದ. ನೀನು ಕುಡೀತೀಯ ಅಂತ ಯಾರಪ್ಪ ಅಂದರು ಎಂದು ಅವರು ಕೇಳಿದರು. ಅಪ್ಪ ಆಗ ಅತ್ತ.

ತೊಡೆಯಿಂದ ಒಂದು ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬಲಪಕ್ಕೆಯ ಕೆಳಗೆ ಒಮ್ಮೆ ಒತ್ತಿ, ಮತ್ತೊಮ್ಮೆ ಒತ್ತಿ ನೋಡಿದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವ್ವನನ್ನೂ ಮಾವನನ್ನೂ ಕರೆದು ಹೇಳಿದರು. ಲಿವರಿಗೆ ಕ್ಯಾನ್ಸರ್ ಆಗಿದೆ. ಮಾಂಸಖಂಡಗಳು ಸೋತಿರುವುದು ಅದರಿಂದಲೇ ಇರಬೇಕು, ಬೇರೆ ಕ್ಯಾನ್ಸರುಗಳಲ್ಲಿ ಹೀಗಾಗುವುದನ್ನು ನೋಡಿದ್ದೇನೆ, ಲಿವರಿನದರಲ್ಲಿ ಬಹಳ ಅಪರೂಪ, ನಾನು ನೋಡಿದ್ದು ಇದೇ ಮೊದಲು ಎಂದರು. ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅವ್ವ ಎರಡೂ ಕೈ ಎತ್ತಿ ಮುಗಿದಳು. ಗಂಡ ಸಾಯುತ್ತಾನೆ ಎಂದು ಕೇಳಿ ಅವಳ ಮುಖ ಅರಳಿದ್ದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ. ಕುಡಿತ ಅಲ್ವಲ್ಲ ಸ್ವಾಮಿ, ರೋಗ ತಾನೆ, ಅಂತ ಮತ್ತೆ ಮತ್ತೆ ಕೇಳಿದಳು.

ಊರಿಗೆ ಬಂದವಳೇ ದೊಡ್ಡಪ್ಪನ ಮುಂದೆ ನಿಂತು ಡಾಕ್ಟರು ಅಂದದ್ದನ್ನೆಲ್ಲ ಹೇಳಿದಳು. ಅವನು ಕೊನೆಯತನಕ ಕೇಳಿಸಿಕೊಂಡ.

"ಲಿವರ್ ಅಂದ್ರೇನಮ್ಮ?" ಎಂದ. "ಕುಡಿಯೋರಿಗೆ ಹೋಗೋದು ಅದೇ ಅಲ್ವಾ? ದೇವರು ಅಂದಿದ್ದನ್ನೇ ಡಾಕ್ಟ್ರೂ ಅಂದವ್ರೆ."

ಅಪ್ಪ ಒಳಗೆ ಮಲಗಿದ್ದ, ಅವನಿಗೂ ಕೇಳಿಸಿತು. ಆಮೇಲೆ ಅವನು ದಿನದಿಂದ ದಿನಕ್ಕೆ ಇಳಿದುಹೋದ. ಕಣ್ಣು ಅರಿಸಿನದ ಹಾಗೆ ಹಳದಿಯಾಯಿತು, ಹೊಟ್ಟೆ ಊದಿತು, ಗಂಟಲಲ್ಲಿ ಗಂಜಿಯೂ ಇಳಿಯದಾಯಿತು. ಕೊನೆಗೆ ಮೈಮೇಲೆ ಕೂತ ನೊಣ ಓಡಿಸುವುದಕ್ಕೂ ಕೈ ಏಳುತ್ತಿರಲಿಲ್ಲ. ಬೇಸಗೆ ಮುಗಿಯುವ ಮೊದಲೇ ಹೋದ.

ಹನ್ನೊಂದನೆಯ ದಿನ ಎಡೆ ಇಟ್ಟೆವು. ಸತ್ತವರಿಗೆ ಬದುಕಿದ್ದಾಗ ಯಾವುದು ಇಷ್ಟವೋ ಅದನ್ನು ಎಲೆಯ ಮೇಲೆ ಇಟ್ಟು, ಬಾಗಿಲು ಮುಂದೆ ಮಾಡಿ, ಅವರು ಬಂದು ಉಂಡು ಹೋಗಲಿ ಎಂದು ಹೊರಗೆ ನಿಲ್ಲುವುದು ನಮ್ಮಲ್ಲಿಯ ಪದ್ಧತಿ. ಅವ್ವ ಮುದ್ದೆ, ಹುರುಳಿ ಸಾರು, ಬೆಲ್ಲ, ಹುರಿಗಡಲೆ ಇಟ್ಟಳು. ಅಷ್ಟರಲ್ಲಿ ದೊಡ್ಡಪ್ಪ ಬಂದ, ಪಂಚೆಯ ಮಡಿಕೆಯಿಂದ ಸಾರಾಯಿ ಬಾಟಲಿ ತೆಗೆದು ಎಲೆಯ ಬಲಕ್ಕೆ ಇಟ್ಟ. ಅಳುತ್ತಿದ್ದ. ನಾಟಕದ ಅಳುವಲ್ಲ, ತಮ್ಮನನ್ನು ಕಳೆದುಕೊಂಡವನ ಅಳುವೇ.

"ಅವ್ರು ಕುಡೀತಿರ್ಲಿಲ್ಲ ಭಾವ, ತೆಗೀರಿ ಅದನ್ನ," ಎಂದಳು ಅವ್ವ.

"ಇನ್ನ್ಯಾಕಮ್ಮ ಮುಚ್ಚಿಡಾದು? ಬದುಕಿರೋವಾಗ ನಾವೆಲ್ಲ ಬೈದು ಬೈದು ಹೊಟ್ಟೆ ಉರಿಸಿದ್ವಿ. ಈಗಾದ್ರೂ ನೆಮ್ಮದಿಯಾಗಿ ಕುಡೀಲಿ ಬಿಡು."

ಅವ್ವ ಕೈ ಚಾಚಿದಳು. ಎಡೆಗೆ ಇಟ್ಟದ್ದನ್ನು ಮುಟ್ಟಬಾರದು ಅಂತ ಹೆಂಗಸರೆಲ್ಲ ಸೇರಿ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು. ಬಾಗಿಲು ಮುಂದೆ ಮಾಡಿದರು.

ದೊಡ್ಡಪ್ಪನೂ ಹೋದ, ಅವ್ವನೂ ಹೋದಳು. ದೊಡ್ಡಪ್ಪನ ಮಕ್ಕಳು ಒಳ್ಳೆಯವರು, ಹಿರಿಯರ ಹಬ್ಬ ಒಂದು ವರ್ಷವೂ ತಪ್ಪಿಸುವುದಿಲ್ಲ. ಈಗಲೂ ಮಹಾಲಯ ಅಮಾವಾಸ್ಯೆಗೆ ನಮ್ಮವ್ವನ ಎಲೆಗೆ ಒಂದು ಸೀರೆ ಇಡುತ್ತಾರೆ. ನಮ್ಮಪ್ಪನ ಎಲೆಗೆ ಒಂದು ಕ್ವಾರ್ಟರ್ ಇಟ್ಟು, ಮುಚ್ಚಳ ತೆಗೆದು ಕೈ ಮುಗಿಯುತ್ತಾರೆ.