ಪಟದ ಹಿಂದಿನ ನಾಲ್ಕು ಸಾಲು

ರತ್ನಮ್ಮ, ನಿಮಗೆ ನಾನು ಸುಳ್ಳು ಹೇಳಿದ್ದೇನೆ. ನಿಮ್ಮ ತಾಯಿಯ ಪಟದ ಹಿಂದೆ ಬರಹವಿತ್ತು. ಪೆನ್ಸಿಲಿನಲ್ಲಿ ನಾಲ್ಕು ಸಾಲು, ನಿಮ್ಮ ತಂದೆಯ ಕೈಬರಹ — ನಿಮ್ಮ ಹೆಸರು ಹಿಡಿದು ಬರೆದದ್ದು. ಅದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಪಟವನ್ನು ಹಲಗೆಗೆ ಅಂಟಿಸಿದೆ.

ಆರು ವರ್ಷವಾಯಿತು. ರಾಯಕೋಟೆಯಲ್ಲಿ ಸ್ಟುಡಿಯೊ ಇಟ್ಟಿದ್ದ ನಿಮ್ಮ ತಂದೆ ತೀರಿಕೊಂಡ ಮೇಲೆ, ಅವರೇ ತೆಗೆದು ತೊಳೆದ ಹನ್ನೊಂದು ದೊಡ್ಡ ಪಟಗಳನ್ನು ಕೃಷ್ಣಗಿರಿಯಲ್ಲಿ ಪ್ರದರ್ಶನಕ್ಕಿಡಬೇಕೆಂದು ಮತ್ತಿಗಿರಿಯಲ್ಲಿ ಪಟಗಳಿಗೆ ಕಟ್ಟು ಹಾಕುವ ನನ್ನ ಅಂಗಡಿಗೆ ತಂದಿರಿ. ಅವರು ಒಂದರೊಳಗೊಂದು ಸುರುಳಿ ಸುತ್ತಿ ಬಟ್ಟೆ ಕಟ್ಟಿಟ್ಟಿದ್ದರು; ಬಿಚ್ಚಿದರೆ ಬಿರಿದಾವೆಂದು ನೀವೂ ಹಾಗೆಯೇ ತಂದಿರಿ. ನಿಮ್ಮನ್ನು ಹೆತ್ತ ಕೆಲವೇ ತಿಂಗಳಿಗೆ ತೀರಿಹೋದ ತಾಯಿ, ಮೊರ ಹಿಡಿದು ರಾಗಿ ಕೇರುತ್ತಿರುವ ಪಟವೂ ಅದರಲ್ಲಿತ್ತು. ಆಕೆಯದೆಂದು ನಿಮಗಿದ್ದದ್ದು ಅದೊಂದೇ.

"ಅಂಟು ಮಾತ್ರ ಹಾಕ್‌ಬ್ಯಾಡಿ ಅಣ್ಣ, ನಾಳೆ ಬಿಚ್ಚಾಕೆ ಬರಂಗಿರ್ಬೇಕು" ಅಂದಿರಿ. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ. ನಾಲ್ಕು ಮೂಲೆಗೆ ಕಾಗದದ ಜೇಬು ಮಾಡಿ ಕೂರಿಸಿದರೆ ಪಟಕ್ಕೆ ಅಂಟು ಸೋಕುವುದೇ ಇಲ್ಲ. ಆ ಕೆಲಸ ನನಗೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಪಟಗಳು ಚಾಪೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಮೂಲೆ ಜೇಬಿನಿಂದ ಎದ್ದು ಬರುತ್ತಿತ್ತು, ನಡುವೆ ಉಬ್ಬುತ್ತಿತ್ತು. ಮರುದಿನವೇ ಪ್ರದರ್ಶನ. ಹೊಸೂರು ಸುತ್ತಮುತ್ತ ನನ್ನಂಥ ಕೆಲಸಗಾರನಿಲ್ಲ ಅನ್ನುವ ಮಾತು ಏನಾದೀತು — ನನ್ನ ಜಂಬ ನೋಡಿ! ಪಟಕ್ಕೂ ಹಲಗೆಗೂ ನಡುವೆ ಅಂಟುಹಾಳೆ ಇಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿಬಿಟ್ಟೆ. ಹತ್ತು ಪಟ ಮಟ್ಟಸವಾಗಿ ಕೂತವು. ಹನ್ನೊಂದನೆಯದನ್ನು ಬೋರಲು ಹಾಕಿದಾಗ ಬರಹ ಕಂಡಿತು.

"ರತ್ನ, ಈ ಪಟ ತೆಗೆದ ದಿನ ನಿಮ್ಮಮ್ಮ —"

ಅಷ್ಟೇ ಓದಿದ್ದು. ಪ್ರದರ್ಶನಕ್ಕೆಂದು ಪಟಗಳಡಿ ಹಚ್ಚುವ ಚೀಟಿಗಳೆಲ್ಲ ತಮಿಳಿನಲ್ಲಿದ್ದವು. ಇದೊಂದು ಕನ್ನಡದಲ್ಲಿತ್ತು, ಮನೆಯೊಳಗಿನ ಮಾತು. ನಿಮ್ಮನ್ನು ಕರೆಯಬೇಕಿತ್ತು. ಕರೆದರೆ ಉಳಿದ ಹತ್ತನ್ನೂ ನೋಡುತ್ತೀರಿ, ಕೊಟ್ಟ ಮಾತು ಮುರಿದದ್ದು ತಿಳಿಯುತ್ತದೆ... ಭಯವಾಯಿತು. ಫೋನು ಜೇಬಿನಲ್ಲೇ ಇತ್ತು, ಒಂದು ಫೋಟೊ ತೆಗೆದಿಟ್ಟುಕೊಳ್ಳಬಹುದಿತ್ತು. ತೆಗೆಯಲಿಲ್ಲ — ಗುರುತೇ ಉಳಿಯುವುದು ಬೇಡವೆನಿಸಿತು. ಕಣ್ಣು ತಪ್ಪಿಸಿ ಪ್ರೆಸ್ಸಿನ ಹಿಡಿ ಎಳೆದೆ.

ಮರುದಿನ ಆ ಪಟದ ಮುಂದೆ ನಿಂತು ನೀವು ಕೇಳಿದಿರಿ: "ಹಿಂದ್ಗಡೆ ಏನಾನ ಬರ್ದಿತ್ತಾ ಅಣ್ಣ? ನಮ್ಮಪ್ಪಂಗೆ ಬರ್ಯೋ ಅಭ್ಯಾಸ ಇತ್ತು."

"ಏನೂ ಇರ್ಲಿಲ್ಲ ಕಣಮ್ಮ. ಬರೀ ಬಿಳೀ ಕಾಗ್ದ."

ನೀವು ನಂಬಿದಿರಿ. ಸೆರಗಿನಿಂದ ಪಟದ ಗಾಜು ಒರೆಸಿ ಪಕ್ಕದ ಪಟಕ್ಕೆ ಹೋದಿರಿ.

ಅಂದಿನಿಂದ ನಿಮ್ಮ ಫೋನು ಬಂದರೆ ಕೊನೆಯ ರಿಂಗಿನವರೆಗೂ ಎತ್ತುವುದಿಲ್ಲ. ನಿಮ್ಮ ಕಡೆಯಿಂದ ಬರುವ ಉದ್ದನಪಲ್ಲಿ ಬಸ್ಸಿನಿಂದ ಯಾರಾದರೂ ದೊಡ್ಡ ಚೀಲ ಹಿಡಿದು ಇಳಿದರೆ ಅಂಗಡಿಯೊಳಗೆ ಸರಿಯುತ್ತೇನೆ. ನಿನ್ನೆ ನೀವೇ ಫೋನು ಮಾಡಿದಿರಿ. ಹಳೆಯ ಪಟಗಳನ್ನು ಕಾಪಿಡುವವರಿಗೆ ಎಲ್ಲವನ್ನೂ ಕೊಡುತ್ತಿದ್ದೀರಿ. ಅವರು ಪಟದ ಮುಂಬದಿ ಹಿಂಬದಿ ಎರಡರ ನಕಲೂ ತೆಗೆಯುತ್ತಾರಂತೆ. "ನೀವೇ ಕೂರ್ಸಿದ್ದಲ್ವಾ ಅಣ್ಣ, ನೀವೇ ಬಿಚ್ಕೊಡಿ. ಬೇರೇರ ಕೈಗೆ ಕೊಡಾಕೆ ನಂಗೆ ಭಯ. ಗುರುವಾರ ತತ್ತೀನಿ."

ಬೇರೆಯವರ ಕೈಯೆಂದರೆ ಭಯವಂತೆ ನಿಮಗೆ!

ಇವತ್ತು ಬೆಳಿಗ್ಗೆ, ಅದೇ ಅಂಟುಹಾಳೆಯಲ್ಲಿ ಒತ್ತಿದ್ದ ರದ್ದಿ ಪಟವೊಂದನ್ನು ಬಿಸಿ ಮಾಡಿ ಎಬ್ಬಿಸಿ ನೋಡಿದೆ. ಕಾಗದ ಪದರಪದರವಾಗಿ ಹರಿಯಿತು. ನಿಮ್ಮ ತಾಯಿಯ ಮುಖ ಉಳಿಸಿದರೆ ಬರಹ ಸಿಗದು, ಬರಹಕ್ಕೆ ಕೈಹಾಕಿದರೆ ಮುಖ —

ಇನ್ನೊಂದು ಯೋಚನೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಉಳಿದ ಸಾಲುಗಳನ್ನು ನಾನೇ ಕಟ್ಟಬಹುದು. "ನಿಮ್ಮಮ್ಮ ನಿನ್ನನ್ನು ನೋಡಿ ನಗುತ್ತಿದ್ದಳು" ಅಂತ ಬರೆದಿತ್ತೆಂದರೆ ಸಾಕು, ನೀವು ಅತ್ತು ನನ್ನ ಕೈ ಹಿಡಿದುಕೊಳ್ಳುತ್ತೀರಿ. ಅದು ಎಷ್ಟು ಸಲೀಸಾಗಿ ನನ್ನ ಬಾಯಿಗೆ ಬಂತೆಂದು ನೆನೆದರೆ ನನಗೆ ನನ್ನ ಬಗ್ಗೆಯೇ ಭಯವಾಗುತ್ತದೆ.

ಗುರುವಾರ ನೀವು ಚೀಲ ಇಳಿಸುವ ಮುಂಚೆ ಈ ಕಾಗದ ನಿಮ್ಮ ಕೈಗೆ ಕೊಡುತ್ತೇನೆ. ಪಟ ಮುಟ್ಟುವುದಿಲ್ಲ. ಕಾಪಿಡುವವರ ಮುಂದೆಯೂ ಬಂದು ಇದನ್ನೇ ಹೇಳುತ್ತೇನೆ. ಓದಿ ಮುಗಿಸಿ, ಆ ದಿನ ಅಮ್ಮ ಏನು ಮಾಡಿದರು ಅಂತ ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ, ರತ್ನಮ್ಮ. ಇನ್ನೊಂದು ಕ್ಷಣ ಓದಿದ್ದರೆ ಗೊತ್ತಿರುತ್ತಿತ್ತು.